ದಿನಕ್ಕೆ 60 ಯೂರೋ: ಗ್ರೀಸ್ ಮರೆಯದ ಆ 2015

ನನ್ನ ಕೆಲಸ ಪೇಮೆಂಟ್ ಸಾಫ್ಟ್‌ವೇರ್. ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ, ಎಟಿಎಂನಲ್ಲಿ ಪಿನ್ ಒತ್ತಿದಾಗ, 'ಇವರಿಗೆ ದುಡ್ಡು ಕೊಡಬಹುದಾ, ಬೇಡವಾ' ಅಂತ ಹಿಂದುಗಡೆ ತೀರ್ಮಾನ ಮಾಡೋ ಕೋಡ್ ಒಂದಿರುತ್ತಲ್ಲ, ಅದರ ಒಂದು ಚಿಕ್ಕ ಮೂಲೆ ನನ್ನದು. ದಿನದ ಮಿತಿ, ತಿಂಗಳ ಮಿತಿ, ಇಷ್ಟಕ್ಕಿಂತ ಹೆಚ್ಚಾದರೆ ನಿರಾಕರಿಸು, ಇಂಥವು. ಆ ಮಿತಿಯ ಆಚೆ ಒಬ್ಬ ಮನುಷ್ಯ ನಿಂತಿರುತ್ತಾನೆ ಅನ್ನೋದು ತಲೆಗೆ ಬಂದದ್ದು ಕಳೆದ ವರ್ಷ, ಅಥೆನ್ಸ್‌ನ ಒಂದು ಊಟದ ಮೇಜಿನ ಮುಂದೆ.

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಮೂರು ತಿಂಗಳು ಅಲ್ಲಿದ್ದೆ. ಟೀಮ್‌ನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗ್ರೀಕ್ ಸಹೋದ್ಯೋಗಿ ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದಳು. ಮನೆ ಕಿಪ್ಸೆಲಿ ಅನ್ನೋ ಬಡಾವಣೆಯಲ್ಲಿ. ಗ್ರೀಕ್‌ನಲ್ಲಿ ಹಾಗಂದ್ರೆ ಜೇನುಗೂಡು. ಹೆಸರಿಗೆ ತಕ್ಕ ಹಾಗೆ ಒಂದಕ್ಕೊಂದು ಅಂಟಿಕೊಂಡ ಹಳೇ ಅಪಾರ್ಟ್‌ಮೆಂಟ್‌ಗಳು, ಪ್ರತಿ ಬಾಲ್ಕನಿಯಲ್ಲೂ ಗಿಡ, ಬಟ್ಟೆ, ಬಿಸಿಲಿಗೆ ಇಳಿಬಿಟ್ಟ ಪರದೆ. ನಾನು ಸಸ್ಯಾಹಾರಿ ಅಂತ ಗೊತ್ತಾಗಿ ಅವಳ ಅಮ್ಮ ಟೊಮೆಟೊ, ದಪ್ಪ ಮೆಣಸಿನಕಾಯಿ ಒಳಗೆ ಅಕ್ಕಿ ತುಂಬಿ ಬೇಯಿಸಿದ ಗೆಮಿಸ್ತಾ ಮಾಡಿದ್ದರು. ಅಮ್ಮ ನಿವೃತ್ತ ಶಾಲಾ ಶಿಕ್ಷಕಿ. ಅಪ್ಪ ಮೊದಲು ಬಲ್ಬು, ಸ್ವಿಚ್ಚು, ವೈರು ಮಾರುವ ಅಂಗಡಿ ಇಟ್ಟಿದ್ದವರು.

ಮಾತು ಹೇಗೋ ನನ್ನ ಕೆಲಸದ ಕಡೆ ತಿರುಗಿ, ಅಲ್ಲಿಂದ 2015ಕ್ಕೆ ಹೋಯಿತು. ನಾನು ಬಾಯಿ ತಪ್ಪಿ ಒಂದು ಮಾತಾಡಿಬಿಟ್ಟೆ: "ಆಂಟಿ, ದಿನಕ್ಕೆ 60 ಯೂರೋ ತೆಗೀಬಹುದಿತ್ತಲ್ವಾ? ಮನೆ ಖರ್ಚಿಗೆ ಸಾಕಾಗ್ತಿರಲಿಲ್ವಾ?"

ಸಹೋದ್ಯೋಗಿ ಅದನ್ನು ಗ್ರೀಕ್‌ಗೆ ಅನುವಾದಿಸೋಕೆ ಒಂದು ಕ್ಷಣ ಹಿಂಜರಿದಳು. ಆಮೇಲೆ ಹೇಳಿದಳು. ಅಪ್ಪ ಫೋರ್ಕ್ ಕೆಳಗಿಟ್ಟರು. ಅಮ್ಮ ಹುಬ್ಬು ಮೇಲೇರಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಎತ್ತಿ, ನಾಲಿಗೆಯಲ್ಲಿ "ತ್ಚ್" ಅಂದರು. ಅನುವಾದವೇ ಬೇಕಾಗಲಿಲ್ಲ. ನಮ್ಮಜ್ಜಿ 'ಇಲ್ಲಪ್ಪ' ಅನ್ನೋಕೆ ಮಾಡುತ್ತಿದ್ದದ್ದೂ ಅದೇ ಸದ್ದು.

ಆಮೇಲೆ ಅವರು ಎದ್ದು ಹೋಗಿ, ಡ್ರಾಯರ್ ಎಳೆದು, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಚೀಟಿ ತಂದು ಮೇಜಿನ ಮೇಲಿಟ್ಟರು. ಎಟಿಎಂ ಚೀಟಿಗಳು.

ಸಾಲದ ಹಿಂದಿನ ಕಥೆ

2015 ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಗ್ರೀಸ್ ಯೂರೋ ಕೂಟಕ್ಕೆ ಸೇರಿದ್ದು 2001ರಲ್ಲಿ. ಹಳೇ ದ್ರಾಖ್ಮಾ ನಾಣ್ಯ ಹೋಗಿ ಯೂರೋ ನೋಟು ಕೈಗೆ ಬಂತು, ಸಾಲ ಅಗ್ಗವಾಗಿ ಸಿಗತೊಡಗಿತು. 2009ರ ಕೊನೆಗೆ ಹೊಸದಾಗಿ ಬಂದ ಸರ್ಕಾರ, 'ಬಜೆಟ್ ಕೊರತೆ ಇಲ್ಲಿವರೆಗೆ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ' ಅಂತ ಒಪ್ಪಿಕೊಂಡಿತು. ಸಾಲ ಕೊಡುವವರು ಹಿಂದೆ ಸರಿದರು.

2010ರಲ್ಲಿ ಮೊದಲ ನೆರವಿನ ಸಾಲ, 110 ಬಿಲಿಯನ್ ಯೂರೋ. 2012ರಲ್ಲಿ ಎರಡನೆಯದು. ಅದರ ಮೇಲ್ವಿಚಾರಣೆ ಮೂವರದು: ಯುರೋಪಿಯನ್ ಕಮಿಷನ್, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಐಎಂಎಫ್. ಜನ ಇವರನ್ನು ಕರೆಯುತ್ತಿದ್ದದ್ದು 'ಟ್ರೊಯ್ಕಾ' ಅಂತ. ಸಾಲದ ಜೊತೆ ಷರತ್ತು: ಪಿಂಚಣಿ ಕಡಿತ, ಸಂಬಳ ಕಡಿತ, ತೆರಿಗೆ ಏರಿಕೆ. ಕೆಲವೇ ವರ್ಷಗಳಲ್ಲಿ ದೇಶದ ಆರ್ಥಿಕತೆ ಕಾಲು ಭಾಗದಷ್ಟು ಕುಗ್ಗಿತು. ನಾಲ್ಕು ಜನರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಇಪ್ಪತ್ತೈದರ ಒಳಗಿನವರಲ್ಲಂತೂ ಅರ್ಧಕ್ಕರ್ಧ ನಿರುದ್ಯೋಗಿಗಳು.

ನನ್ನ ಸಹೋದ್ಯೋಗಿ ಆಗತಾನೇ ಕಂಪ್ಯೂಟರ್ ಸೈನ್ಸ್ ಮುಗಿಸಿ ಅದೇ ಅರ್ಧದಲ್ಲಿ ಇದ್ದಳು.

2015ರ ಜನವರಿ 25ರಂದು ಚುನಾವಣೆ ಆಯಿತು. 'ಈ ಷರತ್ತುಗಳನ್ನು ಕಿತ್ತು ಹಾಕ್ತೀವಿ, ಯೂರೋದಲ್ಲೇ ಇರ್ತೀವಿ' ಅಂದ ಎಡಪಂಥೀಯ ಸಿರಿಜಾ ಪಕ್ಷ ಗೆದ್ದಿತು. 300 ಸ್ಥಾನಗಳಲ್ಲಿ 149. ಬಹುಮತಕ್ಕೆ ಎರಡು ಕಮ್ಮಿ. ಬಲಪಂಥೀಯ ಸಣ್ಣ ಪಕ್ಷವೊಂದನ್ನು ಸೇರಿಸಿಕೊಂಡು 40 ವರ್ಷದ ಅಲೆಕ್ಸಿಸ್ ಸಿಪ್ರಾಸ್ ಪ್ರಧಾನಿಯಾದರು. ಟೈ ಕಟ್ಟದ ಪ್ರಧಾನಿ. ಹಣಕಾಸು ಸಚಿವ ಯಾನಿಸ್ ವರೂಫಾಕಿಸ್, ಅರ್ಥಶಾಸ್ತ್ರದ ಪ್ರೊಫೆಸರ್.

"ಆ ರಾತ್ರಿ ಅಪ್ಪ ಕುಣಿದಿದ್ರು" ಅಂದಳು ಸಹೋದ್ಯೋಗಿ. ಅಪ್ಪ ಏನೂ ಹೇಳಲಿಲ್ಲ, ಸುಮ್ಮನೆ ಬ್ರೆಡ್ ಮುರಿದರು.

ಸಾಲ ಕೊಟ್ಟವರ ವಾದವೂ ಪೂರ್ತಿ ಕ್ರೂರವಾಗಿರಲಿಲ್ಲ ಅನ್ನೋದನ್ನ ಹೇಳಲೇಬೇಕು. ಗ್ರೀಸ್‌ಗೆ ಸಾಲ ಕೊಟ್ಟವರಲ್ಲಿ ಜರ್ಮನಿಯಷ್ಟೇ ಅಲ್ಲ, ಸ್ಲೊವಾಕಿಯಾದಂಥ ದೇಶಗಳೂ ಇದ್ದವು. 'ನಮ್ಮ ಪಿಂಚಣಿದಾರರಿಗೆ ನಿಮ್ಮವರಿಗಿಂತ ಕಮ್ಮಿ ಸಿಗುತ್ತೆ. ಅವರಿಗೆ ಏನಂತ ಉತ್ತರ ಹೇಳೋಣ?' ಅನ್ನುವುದು ಅವರ ಪ್ರಶ್ನೆ. ಎರಡೂ ಕಡೆ ಮತದಾರರಿದ್ದರು. ಅದೇ ಕಷ್ಟ.

ಫೆಬ್ರುವರಿಯಲ್ಲಿ ಹಳೇ ಒಪ್ಪಂದಕ್ಕೆ ನಾಲ್ಕು ತಿಂಗಳ ವಿಸ್ತರಣೆ ಸಿಕ್ಕಿತು. ಕೊನೇ ದಿನ ಜೂನ್ 30.

ಮಧ್ಯರಾತ್ರಿಯ ಟಿವಿ

ಮಾತುಕತೆ ಮುಂದುವರಿದ ಹಾಗೆ ಜನ ಬ್ಯಾಂಕ್‌ನಿಂದ ಸದ್ದಿಲ್ಲದೆ ದುಡ್ಡು ತೆಗೆಯುತ್ತಿದ್ದರು. 2014ರ ನವೆಂಬರ್‌ನಿಂದ 2015ರ ಜೂನ್ ತನಕ ಗ್ರೀಕ್ ಬ್ಯಾಂಕುಗಳಿಂದ 40 ಬಿಲಿಯನ್ ಯೂರೋಗಿಂತ ಹೆಚ್ಚು ಠೇವಣಿ ಹೊರಗೆ ಹೋಯಿತು. ಕೆಲವರದು ವಿದೇಶಕ್ಕೆ, ಕೆಲವರದು ಹಾಸಿಗೆ ಕೆಳಗೆ.

ಜೂನ್ 27, ಶನಿವಾರ. ಮಧ್ಯರಾತ್ರಿ ಕಳೆದ ಮೇಲೆ ಸಿಪ್ರಾಸ್ ಟಿವಿಯಲ್ಲಿ ಬಂದರು. ಸಾಲಗಾರರ ಪ್ರಸ್ತಾಪವನ್ನು ಒಪ್ಪಬೇಕೋ ಬೇಡವೋ ಅನ್ನೋದನ್ನು ಜನರೇ ತೀರ್ಮಾನಿಸಲಿ, ಜುಲೈ 5ಕ್ಕೆ ಜನಮತಗಣನೆ, ಅಂದರು. ಗ್ರೀಸ್‌ನಲ್ಲಿ ಅದಕ್ಕೆ ಮೊದಲಿನ ಜನಮತಗಣನೆ ನಡೆದದ್ದು 1974ರಲ್ಲಿ, ರಾಜಪ್ರಭುತ್ವ ಬೇಕಾ ಬೇಡ್ವಾ ಅಂತ. ಈ ಸಲ ಸಿಕ್ಕಿದ್ದು ಎಂಟು ದಿನ.

ಅಮ್ಮ ಮಲಗಿದ್ದರಂತೆ. ಅಪ್ಪ ಟಿವಿ ಆಫ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಸೀದಾ ಕೆಳಗಿನ ಎಟಿಎಂಗೆ ಹೋದರು. ರಾತ್ರಿ ಎರಡು ಗಂಟೆಗೆ ಅಲ್ಲಿ ಆಗಲೇ ಹದಿನೈದು ಜನ. "ಯಾರೂ ಯಾರ ಮುಖಾನೂ ನೋಡ್ತಿರಲಿಲ್ಲ" ಅಂದರು ಅವರು. "ಎಲ್ಲರೂ ಒಂದೇ ಕಳ್ಳತನಕ್ಕೆ ಬಂದ ಹಾಗೆ."

ಭಾನುವಾರ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಒಂದು ನಿರ್ಧಾರ ಮಾಡಿತು: ಗ್ರೀಕ್ ಬ್ಯಾಂಕುಗಳಿಗೆ ಸಿಗುತ್ತಿದ್ದ ತುರ್ತು ಸಾಲವನ್ನು ಇದ್ದಲ್ಲೇ ನಿಲ್ಲಿಸುತ್ತೇವೆ, ಇನ್ನು ಏರಿಸಲ್ಲ. ಅಷ್ಟೇ ಸಾಕಾಯಿತು. ನಾವು ಬ್ಯಾಂಕಿಗೆ ಹಾಕಿದ ದುಡ್ಡು ಅಲ್ಲೇ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಅದು ಯಾರಿಗೋ ಮನೆ ಸಾಲ, ಯಾರಿಗೋ ಅಂಗಡಿ ಸಾಲ, ಇನ್ನೆಲ್ಲೋ ಸರ್ಕಾರಿ ಬಾಂಡ್ ಆಗಿ ಹೋಗಿರುತ್ತೆ. ಎಲ್ಲರೂ ಒಟ್ಟಿಗೆ ಬಂದು ಕೇಳಿದರೆ ಯಾವ ಬ್ಯಾಂಕೂ ಕೊಡಲಾರದು. ಹಾಗೆ ಕೇಳುವವರಿಗೆ ಕೊಡಲು ನೋಟು ಬರುತ್ತಿದ್ದ ಕೊನೇ ನಲ್ಲಿ ಇದು. ಅದನ್ನು ಅಷ್ಟಕ್ಕೇ ಹಿಡಿದಿಟ್ಟಿದ್ದರು.

ಆ ರಾತ್ರಿ ಸರ್ಕಾರ ಘೋಷಿಸಿತು: ನಾಳೆಯಿಂದ ಬ್ಯಾಂಕ್ ಬಂದ್. ಷೇರುಪೇಟೆ ಬಂದ್. ಎಟಿಎಂನಲ್ಲಿ ಒಂದು ಕಾರ್ಡಿಗೆ ದಿನಕ್ಕೆ 60 ಯೂರೋ ಮಾತ್ರ. ಆಗಿನ ಲೆಕ್ಕದಲ್ಲಿ ಸುಮಾರು 4,200 ರೂಪಾಯಿ.

ಒಂದು ಸಾಲಿನ ಬದಲಾವಣೆ

ನಮ್ಮ ಕೆಲಸದಲ್ಲಿ ಇದು ಏನು ಗೊತ್ತಾ? ಒಂದು ಟೇಬಲ್‌ನಲ್ಲಿ ಒಂದು ಸಾಲು. ದಿನದ ಮಿತಿ ಅಂತ ಇರೋ ಕಡೆ ಇದ್ದ ಸಂಖ್ಯೆ ಅಳಿಸಿ 60 ಅಂತ ಬರೆಯೋದು. ಆ ಭಾನುವಾರ ರಾತ್ರಿ ಗ್ರೀಸ್‌ನ ಎಷ್ಟೋ ಬ್ಯಾಂಕುಗಳಲ್ಲಿ ನನ್ನಂಥವರು ಯಾರೋ ಕೂತು ಈ ಕೆಲಸ ಮಾಡಿರುತ್ತಾರೆ, ಟೆಸ್ಟ್ ಮಾಡಿರುತ್ತಾರೆ, ಆಮೇಲೆ ತಾವೂ ಹೋಗಿ ಕ್ಯೂ ನಿಂತಿರುತ್ತಾರೆ. ಊಟದ ಮೇಜಿನ ಮುಂದೆ ಕೂತು ನನಗೆ ಇದೇ ಯೋಚನೆ.

ಆದರೆ ಆ 60 ಎಂದೂ ಪೂರ್ತಿ 60 ಆಗಿರಲಿಲ್ಲ. ಎಷ್ಟೋ ಎಟಿಎಂಗಳಲ್ಲಿ 20ರ ನೋಟು ಬೇಗ ಖಾಲಿ. ಉಳಿದದ್ದು 50ರ ನೋಟು. ಹಾಗಾಗಿ ಕೈಗೆ ಬರುತ್ತಿದ್ದದ್ದು 50. ಕಾರ್ಡ್ ಇದ್ದವರ ಪಾಡು ಇದು.

ಆಂಟಿ ಹತ್ತಿರ ಕಾರ್ಡೇ ಇರಲಿಲ್ಲ. ಪಾಸ್‌ಬುಕ್ ಮಾತ್ರ. ಗ್ರೀಸ್‌ನ ಎಷ್ಟೋ ಹಿರಿಯರು ಹಾಗೇ ಇದ್ದರು. ಅವರಿಗಾಗಿ ಜುಲೈ 1ರಿಂದ ಸುಮಾರು 1,000 ಶಾಖೆಗಳ ಬಾಗಿಲು ಸ್ವಲ್ಪ ತೆರೆದರು: ಒಬ್ಬರಿಗೆ 120 ಯೂರೋ ಮಾತ್ರ, ಹೆಸರಿನ ಮೊದಲಕ್ಷರದ ಪ್ರಕಾರ ಸರದಿ. ಥೆಸಲೊನಿಕಿ ನಗರದ ಬ್ಯಾಂಕ್ ಒಂದರ ಬಾಗಿಲಲ್ಲಿ ಮುದುಕರೊಬ್ಬರು ಪಾಸ್‌ಬುಕ್ ಪಕ್ಕಕ್ಕೆ ಹಾಕಿಕೊಂಡು ನೆಲದ ಮೇಲೆ ಕೂತು ಅಳುತ್ತಿರುವ ಫೋಟೊ ಆ ವಾರ ಜಗತ್ತನ್ನೆಲ್ಲ ಸುತ್ತಿತು. ಬಹುಶಃ ನೀವೂ ನೋಡಿರುತ್ತೀರಿ.

"ಮೂವತ್ತು ವರ್ಷ ಮಕ್ಕಳಿಗೆ ಹಾಜರಿ ಕೂಗಿದವಳು ನಾನು" ಅಂದರು ಆಂಟಿ. "ಆವತ್ತು ಬ್ಯಾಂಕ್ ಗುಮಾಸ್ತ ನನ್ನ ಹಾಜರಿ ಕೂಗಿದ. ನನ್ನ ದುಡ್ಡು ನನಗೆ ಕೊಡೋಕೆ."

ನಾನು ತಲೆ ತಗ್ಗಿಸಿದೆ. ಸಾಕಾಗುತ್ತಿತ್ತಾ ಇಲ್ಲವಾ ಅನ್ನೋದು ಇಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

2016ರ ನವೆಂಬರ್‌ನಲ್ಲಿ ನಾವೂ ಎಟಿಎಂ ಮುಂದೆ ನಿಂತವರೇ. ಅದನ್ನ ಹೇಳಿದೆ. ಆದರೆ ಎರಡಕ್ಕೂ ವ್ಯತ್ಯಾಸ ಇದೆ. ನಮ್ಮಲ್ಲಿ ನೋಟು ರದ್ದಾಗಿತ್ತು, ಹೊಸ ನೋಟು ಅಚ್ಚು ಹಾಕುವ ಅಧಿಕಾರ ನಮ್ಮ ರಿಸರ್ವ್ ಬ್ಯಾಂಕ್ ಕೈಯಲ್ಲೇ ಇತ್ತು. ಅಲ್ಲಿ ನೋಟು ಚೆನ್ನಾಗೇ ಇತ್ತು. ಅದನ್ನು ಎಷ್ಟು ಬೇಕೋ ಅಷ್ಟು ತರಿಸಿಕೊಳ್ಳುವ ಅಧಿಕಾರ ಮಾತ್ರ ಅಥೆನ್ಸ್‌ನಲ್ಲಿರಲಿಲ್ಲ, ಫ್ರಾಂಕ್‌ಫರ್ಟ್‌ನಲ್ಲಿತ್ತು.

ವಿಚಿತ್ರ ಅಂದರೆ, ದೇಶದೊಳಗೆ ಆನ್‌ಲೈನ್ ವರ್ಗಾವಣೆಗೆ, ಕಾರ್ಡ್ ಖರೀದಿಗೆ ಮಿತಿಯೇ ಇರಲಿಲ್ಲ. ಸ್ಕ್ರೀನ್ ಮೇಲೆ ದುಡ್ಡು ಎಷ್ಟು ಬೇಕಾದರೂ ಓಡಾಡಬಹುದು, ಗೋಡೆ ದಾಟಿ ಹೊರಗೆ ಬರಬಾರದು, ಅಷ್ಟೇ. ಎರಡು ವರ್ಷ ಮೊದಲು ಪಕ್ಕದ ಸೈಪ್ರಸ್‌ನಲ್ಲಿ ಒಂದು ಲಕ್ಷ ಯೂರೋ ಮೇಲಿನ ಠೇವಣಿಗಳಿಗೆ ಕತ್ತರಿ ಬಿದ್ದದ್ದು ಎಲ್ಲರಿಗೂ ನೆನಪಿತ್ತು. ಹಾಗಾಗಿ ಕೆಲವರು ಮಾಡಿದ್ದೇನು? ಗಡುವಿಗೆ ಮೊದಲೇ ತೆರಿಗೆ ಕಟ್ಟಿಬಿಟ್ಟರು! ಖಾತೆಯಲ್ಲಿ ಇಟ್ಟು ಕಳೆದುಕೊಳ್ಳೋದಕ್ಕಿಂತ ಸಾಲ ತೀರಿಸೋದು ಮೇಲು ಅಂತ. ತೆರಿಗೆ ತಪ್ಪಿಸೋದರಲ್ಲಿ ಹೆಸರಾದ ದೇಶದಲ್ಲಿ ಜನ ಮುಂಗಡ ತೆರಿಗೆ ಕಟ್ಟಿದ ವಾರ ಅದು.

ಹೊರದೇಶಕ್ಕೆ ದುಡ್ಡು ಕಳಿಸೋದು ಪೂರ್ತಿ ನಿಂತಿತು. ಆಪ್ ಸ್ಟೋರ್‌ನಲ್ಲಿ ಒಂದು ಆಪ್ ಕೊಳ್ಳೋಕಾಗಲ್ಲ, ಫೋಟೊ ಇಟ್ಟಿರುವ ಕ್ಲೌಡ್‌ಗೆ ತಿಂಗಳ ದುಡ್ಡು ಕಟ್ಟೋಕಾಗಲ್ಲ. ಇವು ಚಿಕ್ಕ ಕಷ್ಟ. ದೊಡ್ಡ ಕಷ್ಟ ಅಪ್ಪನದು. ಅವರ ಸ್ವಿಚ್ಚು, ಸಾಕೆಟ್ಟು ಬರುತ್ತಿದ್ದದ್ದು ಇಟಲಿಯಿಂದ. ಇಪ್ಪತ್ತು ವರ್ಷದ ಪರಿಚಯದ ವ್ಯಾಪಾರಿ, ಮೂರು ತಿಂಗಳ ಉದ್ದರಿ ಕೊಡುತ್ತಿದ್ದವನು, ಆ ವಾರ ಮೇಲ್ ಹಾಕಿದ: ಇನ್ನು ಮುಂಗಡ ಕೊಟ್ಟರೆ ಮಾತ್ರ ಮಾಲು. ಮುಂಗಡ ಕಳಿಸೋಕೆ ಸರ್ಕಾರಿ ಸಮಿತಿಯ ಅನುಮತಿ ಬೇಕು. ಸಮಿತಿ ಮೊದಲು ನೋಡೋದು ಔಷಧಿ, ಆಹಾರ, ಇಂಧನ. ಬಲ್ಬು ಅಂಗಡಿಗೆ ಸರದಿ ಯಾವಾಗ?

ಒಂದು ಒಳ್ಳೇ ಸಂಗತಿ: ಬ್ಯಾಂಕ್ ಮುಚ್ಚಿದಷ್ಟು ದಿನ ಅಥೆನ್ಸ್‌ನ ಬಸ್ಸು, ಮೆಟ್ರೋ ಉಚಿತ.

ಓಹಿ

ಜೂನ್ 30ಕ್ಕೆ ಐಎಂಎಫ್‌ಗೆ ಕಟ್ಟಬೇಕಿದ್ದ ಸುಮಾರು 1.5 ಬಿಲಿಯನ್ ಯೂರೋ ಕಂತನ್ನು ಗ್ರೀಸ್ ಕಟ್ಟಲಿಲ್ಲ. ಮುಂದುವರಿದ ದೇಶವೊಂದು ಹೀಗೆ ಐಎಂಎಫ್‌ಗೆ ಬಾಕಿ ಉಳಿಸಿಕೊಂಡದ್ದು ಅದೇ ಮೊದಲು.

ಗ್ರೀಕ್‌ನಲ್ಲಿ 'ಹೌದು' ಅನ್ನೋಕೆ 'ನೇ' ಅಂತಾರೆ, 'ಇಲ್ಲ' ಅನ್ನೋಕೆ 'ಓಹಿ'. ಮೊದಲ ವಾರ ಆಫೀಸಿನಲ್ಲಿ ನಾನು ಇದರಿಂದ ಬಹಳ ಪೇಚಾಡಿದ್ದೆ. ಹಿಂದಿ ಕೇಳಿದ ಕಿವಿಗೆ 'ನೇ' ಅಂದರೆ ಬೇಡ ಅಂದ ಹಾಗೇ ಕೇಳುತ್ತೆ! ಆದರೆ ಗ್ರೀಕರಿಗೆ 'ಓಹಿ' ಬರೀ ಪದವಲ್ಲ. 1940ರ ಅಕ್ಟೋಬರ್ 28ರ ಬೆಳಗಿನ ಜಾವ ಮುಸೊಲಿನಿಯ ರಾಯಭಾರಿ ಬಂದು 'ನಮ್ಮ ಸೈನ್ಯವನ್ನು ಒಳಗೆ ಬಿಡಿ' ಅಂದಾಗ ಪ್ರಧಾನಿ ಮೆಟಾಕ್ಸಾಸ್ ಒಪ್ಪಲಿಲ್ಲ. ಆ ದಿನವನ್ನು ಇವತ್ತಿಗೂ 'ಓಹಿ ದಿನ' ಅಂತ ಮೆರವಣಿಗೆ ಮಾಡಿ ಆಚರಿಸುತ್ತಾರೆ, ರಾಷ್ಟ್ರೀಯ ರಜೆ. ಅಂಥ ಪದವನ್ನು ಮತಪತ್ರದ ಮೇಲೆ ಹಾಕಿದರೆ ಅದು ಬರೀ ಆರ್ಥಿಕ ಪ್ರಶ್ನೆಯಾಗಿ ಉಳಿಯುತ್ತಾ? ಮತಪತ್ರದಲ್ಲಿ 'ಓಹಿ' ಮೇಲಿತ್ತು, 'ನೇ' ಕೆಳಗಿತ್ತು.

ಪ್ರಶ್ನೆಯಾದರೋ ತಲೆ ತಿನ್ನುವಂಥದ್ದು. ಜೂನ್ 25ರಂದು ಯೂರೋಗ್ರೂಪ್ ಸಭೆಯಲ್ಲಿ ಇಟ್ಟ, ಎರಡು ದಾಖಲೆಗಳಿರುವ ಪ್ರಸ್ತಾಪವನ್ನು ಒಪ್ಪುತ್ತೀರಾ ಅಂತ. ದಾಖಲೆಗಳ ಹೆಸರೇ ಒಂದೊಂದು ಮಾರುದ್ದ. ಟೀಚರ್ ಆಗಿದ್ದ ಆಂಟಿಯೇ ಅದನ್ನು ಎರಡು ಸಲ ಓದಬೇಕಾಯಿತಂತೆ.

ಜುಲೈ 3ರ ಸಂಜೆ ಅಥೆನ್ಸ್‌ನಲ್ಲಿ ಎರಡು ಸಭೆ. ಸಂಸತ್ತಿನ ಎದುರಿನ ಸಿಂಟಾಗ್ಮಾ ಚೌಕದಲ್ಲಿ 'ಓಹಿ' ಜನ. 1896ರಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದ ಅಮೃತಶಿಲೆಯ ಸ್ಟೇಡಿಯಂ ಬಳಿ 'ನೇ' ಜನ. ಎರಡರ ನಡುವೆ ಹತ್ತು ಹದಿನೈದು ನಿಮಿಷದ ನಡಿಗೆ. ಅಪ್ಪ ಸಿಂಟಾಗ್ಮಾಕ್ಕೆ ಹೋದರು. ಅಮ್ಮ ಸ್ಟೇಡಿಯಂ ಕಡೆ ಹೋದರು. ಇಬ್ಬರೂ ಒಂದೇ ಉಚಿತ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ.

"ನಾನು ಇವಳಿಗೋಸ್ಕರ ನೇ ಅಂದೆ" ಅಂತ ಆಂಟಿ ಮಗಳನ್ನು ತೋರಿಸಿದರು. "ಯೂರೋ ಹೋಗಿ ದ್ರಾಖ್ಮಾ ಬಂದ್ರೆ ಇವಳ ಭವಿಷ್ಯ ಏನು?"

"ನಾನೂ ಇವಳಿಗೋಸ್ಕರವೇ ಓಹಿ ಅಂದೆ" ಅಂದರು ಅಪ್ಪ. "ಹೀಗೇ ಬಗ್ಗಿ ಬದುಕಿದ್ರೆ ಇವಳ ಭವಿಷ್ಯ ಏನು?"

ಒಂದು ವಾರ ಇಬ್ಬರೂ ಮಾತಾಡಿರಲಿಲ್ಲವಂತೆ. ಮಗಳು ಮಾತ್ರ ನಡುವೆ ಓಡಾಡಿಕೊಂಡು, 'ಅಪ್ಪ ಉಪ್ಪು ಕೇಳ್ತಿದಾರೆ' ಅನ್ನುತ್ತಾ. ಅವಳು ಯಾವುದಕ್ಕೆ ಮತ ಹಾಕಿದಳು ಅಂತ ಕೇಳಿದೆ. ನಕ್ಕು ಸುಮ್ಮನಾದಳು. ಇವತ್ತಿಗೂ ಆ ಮನೆಯಲ್ಲಿ ಅವಳು ಹೇಳಿಲ್ಲ.

ಜುಲೈ 5ರ ಭಾನುವಾರ ಆಂಟಿ ತಾವು ಪಾಠ ಮಾಡಿದ ಶಾಲೆಯಲ್ಲೇ ಮತ ಹಾಕಿದರು. ರಾತ್ರಿ ಫಲಿತಾಂಶ: ಓಹಿ ಶೇ 61.3. ದೇಶದ ಒಂದೇ ಒಂದು ಕ್ಷೇತ್ರದಲ್ಲೂ 'ನೇ' ಗೆಲ್ಲಲಿಲ್ಲ. ಸಿಂಟಾಗ್ಮಾದಲ್ಲಿ ಬಾವುಟ, ಹಾಡು, ಕುಣಿತ.

17 ಗಂಟೆ

ಮರುದಿನ ಬೆಳಗ್ಗೆ ವರೂಫಾಕಿಸ್ ರಾಜೀನಾಮೆ ಕೊಟ್ಟರು. ಗೆದ್ದ ಮರುದಿನ! ಅವರ ಜಾಗಕ್ಕೆ ಯೂಕ್ಲಿಡ್ ತ್ಸಕಲೊಟೊಸ್ ಬಂದರು. ಬ್ಯಾಂಕ್ ಇನ್ನೂ ಬಂದ್. ಎಟಿಎಂನಲ್ಲಿ ನೋಟು ದಿನದಿನಕ್ಕೆ ಕರಗುತ್ತಿತ್ತು.

ಜುಲೈ 12ರ ಭಾನುವಾರ ಬ್ರಸೆಲ್ಸ್‌ನಲ್ಲಿ ಯೂರೋ ದೇಶಗಳ ನಾಯಕರು ಸೇರಿದರು. ಮಾತುಕತೆ ಸುಮಾರು 17 ಗಂಟೆ, ರಾತ್ರಿಯಿಡೀ. ಗ್ರೀಸ್ ಯೂರೋದಿಂದ ಹೊರಬೀಳುವ ಮಾತು ಆ ಕೋಣೆಯಲ್ಲೇ ಎದ್ದಿತ್ತು. ಸೋಮವಾರ ಬೆಳಗ್ಗೆ ಸಿಪ್ರಾಸ್ ಒಪ್ಪಿ ಹೊರಬಂದರು. ಮೂರನೇ ಸಾಲ, 86 ಬಿಲಿಯನ್ ಯೂರೋವರೆಗೆ. ಷರತ್ತು: ತೆರಿಗೆ ಏರಿಕೆ, ಪಿಂಚಣಿ ಬದಲಾವಣೆ, 50 ಬಿಲಿಯನ್ ಯೂರೋ ಮೌಲ್ಯದ ಸರ್ಕಾರಿ ಆಸ್ತಿಯನ್ನು ಮಾರಾಟಕ್ಕೆ ಅಂತ ಒಂದು ನಿಧಿಗೆ ಸೇರಿಸುವುದು. ಜನ 'ಬೇಡ' ಅಂದ ಪಟ್ಟಿಗಿಂತ ಇದೇ ಬಿಗಿ ಅಂದವರು ಬಹಳ.

ಜುಲೈ 15ರ ರಾತ್ರಿ ಸಂಸತ್ತಿನಲ್ಲಿ 229 ಮತಗಳಿಂದ ಮೊದಲ ಕಂತಿನ ಕಾನೂನು ಪಾಸಾಯಿತು. ಸಿರಿಜಾದವರೇ ಮೂವತ್ತಕ್ಕೂ ಹೆಚ್ಚು ಜನ ವಿರುದ್ಧ ಹಾಕಿದರು. ವಿರೋಧ ಪಕ್ಷಗಳ ಬೆಂಬಲದಿಂದ ಸರ್ಕಾರ ದಾಟಿತು. ಹೊರಗೆ ಸಿಂಟಾಗ್ಮಾದಲ್ಲಿ ಪೆಟ್ರೋಲ್ ಬಾಂಬ್, ಅಶ್ರುವಾಯು. ಹತ್ತು ದಿನದ ಹಿಂದೆ ಕುಣಿದಿದ್ದ ಅದೇ ಚೌಕ.

ಜುಲೈ 20ಕ್ಕೆ ಬ್ಯಾಂಕ್ ಬಾಗಿಲು ತೆರೆಯಿತು. ದಿನಕ್ಕೆ 60ರ ಬದಲು ವಾರಕ್ಕೆ 420. ಲೆಕ್ಕ ಅದೇ, ಕ್ಯೂ ಕಮ್ಮಿ. ಅದೇ ದಿನ ಹೋಟೆಲ್ ಊಟದ ಮೇಲಿನ ತೆರಿಗೆ ಶೇ 13ರಿಂದ 23ಕ್ಕೆ ಏರಿತು.

ಸಿಪ್ರಾಸ್ ಮೋಸ ಮಾಡಿದರಾ, ದೇಶ ಉಳಿಸಿದರಾ? ಇದನ್ನು ನಾನು ಅಥೆನ್ಸ್‌ನಲ್ಲಿ ಬಹಳ ಜನರಿಗೆ ಕೇಳಿದೆ. ಇಬ್ಬರು ಒಂದೇ ಉತ್ತರ ಕೊಡಲಿಲ್ಲ. ಊಟದ ಮೇಜಿನಲ್ಲಿ ಅಪ್ಪ ಹೇಳಿದ್ದು ಮಾತ್ರ ನೆನಪಿದೆ: "ನನ್ನ ಖಾತೆಯಲ್ಲಿ ದುಡ್ಡಿತ್ತು, ಕೈಗೆ ಬರಲಿಲ್ಲ. ಪೆಟ್ಟಿಗೆಯಲ್ಲಿ ನನ್ನ ಮತ ಇತ್ತು, ಅದೂ ಕೈಗೆ ಬರಲಿಲ್ಲ."

ಆಂಟಿ ಅದಕ್ಕೆ ಎದುರು ಹೇಳಲಿಲ್ಲ. "ನಾನು ಗೆದ್ದೆ ಅಂತ ಇವರು ತಿಳ್ಕೊಂಡಿದ್ರು" ಅಂದರು ಆಮೇಲೆ. "ಪಿಂಚಣಿ ನಂದೂ ಕಟ್ ಆಯ್ತಲ್ಲಪ್ಪ."

ಅದೇ ಬೇಸಿಗೆ, ವಿಕ್ಟೋರಿಯಾ ಚೌಕ

ಇಷ್ಟೇ ಆಗಿದ್ದರೆ ಅದು ಒಂದು ದುಡ್ಡಿನ ವರ್ಷ ಅಂತ ಮುಗಿಯುತ್ತಿತ್ತು. ಆದರೆ ಅದೇ ಬೇಸಿಗೆಯಲ್ಲಿ ಟರ್ಕಿಯ ತೀರದಿಂದ ರಬ್ಬರ್ ದೋಣಿಗಳು ಬರತೊಡಗಿದ್ದವು. ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ನಿಂದ ಓಡಿ ಬಂದವರು. 2015ರಲ್ಲಿ ಸಮುದ್ರ ದಾಟಿ ಗ್ರೀಸ್ ತಲುಪಿದವರು ಎಂಟೂವರೆ ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸುಮಾರು ಐದು ಲಕ್ಷ ಜನ ಇಳಿದದ್ದು ಲೆಸ್ಬೋಸ್ ಎಂಬ ಒಂದೇ ದ್ವೀಪದಲ್ಲಿ. ಆ ದ್ವೀಪದ ಜನಸಂಖ್ಯೆ ಒಂದು ಲಕ್ಷವೂ ಇಲ್ಲ.

ಲೆಸ್ಬೋಸ್‌ನ ಸ್ಕಾಲಾ ಸಿಕಮ್ನಿಯಾಸ್ ಎಂಬ ಮೀನುಗಾರರ ಹಳ್ಳಿಯಲ್ಲಿ ಮೂವರು ಅಜ್ಜಿಯರು ಬೆಂಚಿನ ಮೇಲೆ ಕೂತು ಯಾರದೋ ಕೂಸಿಗೆ ಬಾಟಲಿ ಹಾಲು ಕುಡಿಸುತ್ತಿರುವ ಫೋಟೊ ಆ ಅಕ್ಟೋಬರ್‌ನದು. ಆ ಹಳ್ಳಿಯ ಎಷ್ಟೋ ಮನೆಗಳ ಹಿರಿಯರು 1922ರಲ್ಲಿ ಏಷ್ಯಾ ಮೈನರ್‌ನಿಂದ, ಅದೇ ನೀರು ದಾಟಿ, ನಿರಾಶ್ರಿತರಾಗಿ ಬಂದವರು.

ದ್ವೀಪಗಳಿಂದ ಹಡಗು ಹತ್ತಿ ಅಥೆನ್ಸ್‌ಗೆ ಬಂದವರಲ್ಲಿ ಬಹಳಷ್ಟು ಜನ ತಂಗಿದ್ದು ವಿಕ್ಟೋರಿಯಾ ಚೌಕದಲ್ಲಿ. ಕಿಪ್ಸೆಲಿಯಿಂದ ನಡೆದು ಹೋಗುವಷ್ಟು ಹತ್ತಿರ. ಮರದ ಕೆಳಗೆ ರಟ್ಟು ಹಾಸಿ ಮಲಗುತ್ತಿದ್ದರು, ಉತ್ತರದ ಗಡಿಗೆ ಹೋಗುವ ಬಸ್ಸಿಗೆ ಕಾಯುತ್ತಾ.

ಕಟ್ಟಿನಿಂದ ಒಂದು ಚೀಟಿ ಎಳೆದು ಆಂಟಿ ಅದರ ಹಿಂಬದಿ ತೋರಿಸಿದರು. ಬಾಲ್ ಪೆನ್ನಿನಲ್ಲಿ, ಟೀಚರ್ ಅಕ್ಷರದಲ್ಲಿ, ತಾರೀಖು, ಆಮೇಲೆ ಒಂದು ಸಣ್ಣ ಪಟ್ಟಿ. ಮಗಳು ಓದಿ ಹೇಳಿದಳು: "ಬ್ರೆಡ್. ಅಪ್ಪನ ಬಿಪಿ ಮಾತ್ರೆ. ಮೊಟ್ಟೆ ಮೂವತ್ತು. ಚೌಕಕ್ಕೆ."

ದಿನಕ್ಕೆ 50ರ ಲೆಕ್ಕದಲ್ಲಿ ಮೂವತ್ತು ಮೊಟ್ಟೆ ಬೇಯಿಸಿ ಚೌಕಕ್ಕೆ ಒಯ್ದಿದ್ದರು. "ಇವರ ಪಾಡಿಗಿಂತ ನಮ್ಮದು ವಾಸಿ ಅನ್ನಿಸ್ತಿತ್ತು. ಅದಕ್ಕೇ ಹೋಗ್ತಿದ್ದೆ" ಅಂದರು, ಏನೋ ತಪ್ಪು ಒಪ್ಪಿಕೊಂಡವರ ಹಾಗೆ.

ಹೋದವರು, ಬಂದವರು

ಆಗಸ್ಟ್ 20ಕ್ಕೆ ಸಿಪ್ರಾಸ್ ರಾಜೀನಾಮೆ. ಚುನಾವಣೆವರೆಗೆ ಸುಪ್ರೀಂ ಕೋರ್ಟ್ ಮುಖ್ಯಸ್ಥೆ ವಸಿಲಿಕಿ ಥಾನು ಹಂಗಾಮಿ ಪ್ರಧಾನಿ. ಗ್ರೀಸ್‌ನ ಮೊದಲ ಮಹಿಳಾ ಪ್ರಧಾನಿ ಅವರೇ. ಸೆಪ್ಟೆಂಬರ್ 20ರಂದು ಮತ್ತೆ ಚುನಾವಣೆ, ಮತ್ತೆ ಸಿಪ್ರಾಸ್ ಗೆದ್ದರು. ಆದರೆ ಮತಗಟ್ಟೆಗೆ ಬಂದವರು ಶೇ 57ಕ್ಕಿಂತ ಕಮ್ಮಿ. ಒಂದೇ ವರ್ಷದಲ್ಲಿ ಮೂರನೇ ಸಲ ಕರೆದರೆ ಯಾರು ಬರುತ್ತಾರೆ? ಜನವರಿಯಲ್ಲಿ ಕುಣಿದಿದ್ದ ಅಪ್ಪ ಆ ದಿನ ಮನೆಯಲ್ಲೇ ಇದ್ದರು.

ಅಕ್ಟೋಬರ್‌ನಲ್ಲಿ ಮಗಳಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತು. ಹೌದು, ಜರ್ಮನಿಯಲ್ಲೇ. ಬಿಕ್ಕಟ್ಟಿನ ವರ್ಷಗಳಲ್ಲಿ ದೇಶ ಬಿಟ್ಟ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರೀಕರಲ್ಲಿ ಅವಳೂ ಒಬ್ಬಳು. ದೇಶದಿಂದ ಹೊರಗೆ ಒಯ್ಯಬಹುದಾಗಿದ್ದ ನಗದು 2,000 ಯೂರೋ ಮಾತ್ರ. ಅದನ್ನು ಕೂಡಿಸಿದ್ದು ಹೇಗೆ ಗೊತ್ತಾ? ವಾರವಾರದ ಮಿತಿಯಲ್ಲಿ ಉಳಿಸಿ, ಅಪ್ಪ ಅಮ್ಮ ಇಬ್ಬರೂ ಸೇರಿ. ಮಾತು ಬಿಟ್ಟಿದ್ದವರು ಆ ಲೆಕ್ಕಕ್ಕಾಗಿ ಮತ್ತೆ ಮಾತಾಡತೊಡಗಿದ್ದರು.

ಅಪ್ಪನ ಅಂಗಡಿ ಮರುವರ್ಷ ಮುಚ್ಚಿತು. ನೆರವಿನ ಕಾರ್ಯಕ್ರಮ 2018ರ ಆಗಸ್ಟ್ 20ಕ್ಕೆ ಮುಗಿಯಿತು. ದುಡ್ಡಿನ ಮೇಲಿದ್ದ ಕೊನೇ ನಿರ್ಬಂಧ ಹೋದದ್ದು 2019ರ ಸೆಪ್ಟೆಂಬರ್ 1ರಂದು. ಅಂದರೆ 'ಒಂದು ವಾರ' ಅಂತ ಜನ ಅಂದುಕೊಂಡದ್ದು ನಾಲ್ಕು ವರ್ಷ ದಾಟಿತ್ತು. ಮಗಳು ವಾಪಸ್ ಬಂದದ್ದು 2022ರಲ್ಲಿ.

ಈಗ ಅಥೆನ್ಸ್‌ನಲ್ಲಿ ಒಂದು ಕಾಫಿಗೂ ಕಾರ್ಡ್ ತೋರಿಸಬಹುದು. ನಗದು ಬಿಟ್ಟು ಕಾರ್ಡ್ ಹಿಡಿಯೋದನ್ನು ಗ್ರೀಕರಿಗೆ ಗಟ್ಟಿಯಾಗಿ ಕಲಿಸಿದ್ದು ಆ ಬೇಸಿಗೆಯೇ. ಆಂಟಿ ಹತ್ತಿರವೂ ಈಗ ಕಾರ್ಡ್ ಇದೆ. ಆದರೂ ಅಡುಗೆಮನೆಯ ಕಾಫಿ ಡಬ್ಬಿಯಲ್ಲಿ ಮಡಚಿದ ನೋಟುಗಳಿವೆ. ನಮ್ಮಮ್ಮನ ಸಾಸಿವೆ ಡಬ್ಬಿ ನೆನಪಾಯಿತು. ಅದನ್ನು ಹೇಳಿದೆ. ಅಮ್ಮಂದಿರ ವಿಷಯ ಅನುವಾದವಾಗುವ ಮೊದಲೇ ಆಂಟಿ ನಗುತ್ತಿದ್ದರು.

ಹೊರಡುವಾಗ ಚೀಟಿ ಕಟ್ಟನ್ನು ಕೈಗೆ ತಗೊಂಡು ನೋಡಿದೆ. ಒಂದೊಂದಾಗಿ ತಿರುವಿದೆ. ಎಲ್ಲಾ ಬಿಳಿ. ಎಟಿಎಂ ಚೀಟಿಯದು ಶಾಖಕ್ಕೆ ಮೂಡುವ ಅಚ್ಚು. ಕೆಲ ವರ್ಷಗಳಲ್ಲಿ ಮಾಸಿಹೋಗುತ್ತೆ. ತಾರೀಖು, ತೆಗೆದ ಮೊತ್ತ, ಉಳಿದ ಬ್ಯಾಲೆನ್ಸ್, ಯಂತ್ರ ಬರೆದದ್ದು ಒಂದೂ ಉಳಿದಿರಲಿಲ್ಲ. ಹಿಂಬದಿಯಲ್ಲಿ ಆಂಟಿ ಬರೆದದ್ದು ಮಾತ್ರ ಇತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ಮೀಟಿಂಗ್‌ನಲ್ಲಿ ಯಾರೋ ಹೇಳಿದರು: "ಲಿಮಿಟ್ ತಾನೇ, ಒಂದು ಲೈನ್ ಚೇಂಜ್, ಐದು ನಿಮಿಷದ ಕೆಲಸ." ನಿಜ, ಐದೇ ನಿಮಿಷದ ಕೆಲಸ. ನಾನೇ ಮಾಡಿದೆ. ಆದರೆ ಸೇವ್ ಒತ್ತುವ ಮೊದಲು, ಕ್ಯೂನಲ್ಲಿ ಪಾಸ್‌ಬುಕ್ ಹಿಡಿದು ತನ್ನ ಹೆಸರಿನ ಅಕ್ಷರಕ್ಕೆ ಕಾಯುತ್ತಿದ್ದ ಒಬ್ಬ ಟೀಚರ್ ನೆನಪಾದರು. 'ಮಿತಿ ಮೀರಿದೆ' ಅಂತಷ್ಟೇ ಬರುತ್ತಿದ್ದ ನಮ್ಮ ಹಳೇ ಸಂದೇಶ ತೆಗೆದು, ಎಷ್ಟು ತೆಗೆಯಬಹುದು, ಮತ್ತೆ ಯಾವಾಗ ತೆಗೆಯಬಹುದು, ಯಾರನ್ನು ಕೇಳಬಹುದು ಅಂತ ಮೂರು ಸಾಲು ಸೇರಿಸಿದೆ. ಅದಕ್ಕೆ ಅರ್ಧ ದಿನ ಹಿಡಿಯಿತು.